ಇಲ್ಲಿ ಕೊಂಡ ಲ್ಯಾಪ್‌ಟಾಪ್ ವಿದೇಶದಲ್ಲಿ ನಡೆಯುತ್ತಾ? ಮೊದಲು ಚಾರ್ಜರ್ ನೋಡಿ

ಹೈದರಾಬಾದ್: ನಾಂಪಲ್ಲಿಯಲ್ಲಿ ಕೊಂಡ ಲ್ಯಾಪ್‌ಟಾಪನ್ನು ಅಮೆರಿಕದಲ್ಲಿ ಚಾರ್ಜ್‌ಗೆ ಹಾಕಿದರೆ ಸುಟ್ಟುಹೋದೀತೇ? ಮಕ್ಕಳನ್ನು ಓದಲು ಕಳುಹಿಸುವ ಹೆತ್ತವರ ಆತಂಕವಿದು. ನಮ್ಮಲ್ಲಿ ವಿದ್ಯುತ್ 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಚಾರ್ಜರ್ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. 'ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್' ಎಂದಿದ್ದರೆ ಎರಡೂ ಕಡೆ ನಡೆಯುತ್ತದೆ. ಈಗಿನ ಬಹುತೇಕ ಲ್ಯಾಪ್‌ಟಾಪ್ ಚಾರ್ಜರ್‌ಗಳು ಇಂಥವೇ. ಭಾರದ ಟ್ರಾನ್ಸ್‌ಫಾರ್ಮರ್‌ಗೆ ದುಡ್ಡು ಸುರಿಯಬೇಕಿಲ್ಲ. ಅಮ್ಮ ಕಟ್ಟಿಕೊಟ್ಟ ಮಿಕ್ಸಿಯ ಕಥೆ ಮಾತ್ರ ಬೇರೆ. 230 ವೋಲ್ಟ್‌ನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ.

ನಿಜವಾದ ತೊಡಕು ಪಿನ್‌ನದು. ನಮ್ಮ ದುಂಡು ಪಿನ್ ಅಮೆರಿಕದ ಚಪ್ಪಟೆ ಪಿನ್‌ನ ಸಾಕೆಟ್‌ಗೆ ಹೋಗದು. ಸಾಮಾನ್ಯ ಟ್ರಾವೆಲ್ ಅಡಾಪ್ಟರ್ ಬದಲಿಸುವುದು ಪಿನ್‌ನ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ. ವರ್ಷಗಟ್ಟಲೆ ಇರುವವರು ಚಾರ್ಜರ್‌ನಿಂದ ಬಿಚ್ಚಿ ತೆಗೆಯಬಹುದಾದ ವೈರನ್ನಷ್ಟೇ ಅಲ್ಲಿ ಹೊಸದಾಗಿ ಕೊಂಡರೆ ಸಾಕು. ನಾಂಪಲ್ಲಿಯ ಹಜ್ ಹೌಸ್ ಮೂಲಕ ಸೌದಿಗೆ ಹೊರಡುವವರಿಗೆ ವೋಲ್ಟೇಜ್ ಚಿಂತೆಯೇ ಇಲ್ಲ, ಅಲ್ಲಿಯೂ 230. ಆದರೆ ಸಾಕೆಟ್ ಬ್ರಿಟನ್ ಮಾದರಿಯದು, ಅದಕ್ಕೆ ಚಪ್ಪಟೆಯಾದ ಮೂರು ದಪ್ಪ ಪಿನ್ ಬೇಕು.

ವಾರಂಟಿ ಆ ದೇಶದಲ್ಲೂ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಬಿಲ್ ಕೂಡ ಜೊತೆಗಿರಲಿ. ಮರಳುವಾಗ ಕಸ್ಟಮ್ಸ್‌ನವರು ಕೇಳಿದರೆ ಇಲ್ಲಿಯೇ ಕೊಂಡದ್ದೆಂದು ತೋರಿಸಬಹುದು.