ಯಾಕೋ ಮಂಕಾಗಿದ್ದಾಳೆಯೇ?

ಎರಡು ವಾರ ಕಳೆದರೂ ನಾದಿನಿಗೋ ಸೊಸೆಗೋ ಊಟ ಸೇರದು, ನಿದ್ದೆ ಬಾರದು, ರಂಗೋಲಿ ಹಾಕಲೂ ಮನಸ್ಸಿಲ್ಲ ಎಂದರೆ ಸೋಮಾರಿತನ ಎನ್ನಬೇಡಿ. ಅದು ಖಿನ್ನತೆಯಿರಬಹುದು; ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. (ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಡಾಕ್ಟರಿಗೆ ತೋರಿಸುವುದನ್ನು ಮಾತ್ರ ಬಿಡಬೇಡಿ!)

“ನಾನಿದ್ದು ಯಾರಿಗೇನು ಪ್ರಯೋಜನ?” ಎಂದಳೇ? ಇಷ್ಟದ ಸೀರೆ, ಒಡವೆಗಳನ್ನು ಹಂಚತೊಡಗಿದಳೇ? ಅಷ್ಟು ದಿನ ಕುಗ್ಗಿದ್ದವಳು ಇದ್ದಕ್ಕಿದ್ದಂತೆ ಶಾಂತಳಾದಳೇ? ಆಗ ಎಚ್ಚರ. ಪಕ್ಕದಲ್ಲಿ ಕೂತು, “ಸಾಯಬೇಕು ಅನ್ನಿಸ್ತಿದೆಯೇನಮ್ಮಾ?” ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಬೇಡ. ಹೇಳಿಕೊಂಡರೆ ಎಷ್ಟೋ ಭಾರ ಇಳಿಯುತ್ತದೆ.

ಹೌದೆಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಗುಟ್ಟು ಕಾಯುವ ಹೊತ್ತಲ್ಲ ಅದು, ಅವಳು ನಂಬುವ ಒಬ್ಬರಿಗಾದರೂ ತಿಳಿಸಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ಗೆ 14416ರಲ್ಲಿ ಫೋನ್ ಮಾಡಿ. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೊರಟರೆ ನೀವೂ ಜೊತೆಗೆ ಹೋಗಿ.