ಒತ್ತಡಕ್ಕೊಳಗಾದ ಬ್ಯಾಕ್ಟೀರಿಯ ಮತ್ತು ಪ್ರೋಟೀನ್ ಬಿಡುಗಡೆ: ಹತ್ತಿಯ ಸೀಮೆಯ ಒಂದು ನಿದರ್ಶನ

ಹತ್ತಿಯ ಸಂಕರ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು, ಹಾವೇರಿ ಸೀಮೆಯಲ್ಲಿ ‘ಬಿಟಿ’ ಎಂಬುದು ರೈತರ ಆಡುಮಾತಿನ ಪದವೇ ಆಗಿದೆ. ಅದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಹ್ರಸ್ವನಾಮ. 1901ರಲ್ಲಿ ಜಪಾನಿನ ಇಷಿವಾತಾ ಅವರು ಇದನ್ನು ಮೊದಲು ಕಂಡುದು ರೋಗಪೀಡಿತ ರೇಷ್ಮೆಹುಳುಗಳಲ್ಲಿ. ಹಿಪ್ಪುನೇರಳೆಯ ಪಕ್ಕದ ಹೊಲಕ್ಕೆ ಬಿಟಿ ಕೀಟನಾಶಕ ಸಿಂಪಡಿಸುವವರು ನೆನಪಿಡಬೇಕಾದ ಸಂಗತಿಯಿದು.

ಆಹಾರ ದೊರೆಯುವವರೆಗೆ ಈ ಜೀವಿ ವಿಭಜನೆಗೊಂಡು ವೃದ್ಧಿಸುತ್ತದೆ. ಪೋಷಕಾಂಶಗಳು ಬರಿದಾದೊಡನೆ ಕೋಶದೊಳಗೆ ಅಡ್ಡಪೊರೆಯೊಂದು ಮೂಡಿ, ಅದು ಅಸಮವಾದ ಎರಡು ಭಾಗಗಳಾಗುತ್ತದೆ. ಚಿಕ್ಕ ಭಾಗ ಬೀಜಾಣುವಾಗಿ ಬಲಿಯುತ್ತದೆ, ದೊಡ್ಡದು ತಾಯಿಕೋಶ. ಸಿಗ್ಮಾ-ಇ ಮತ್ತು ಸಿಗ್ಮಾ-ಕೆ ಎಂಬ ನಿಯಂತ್ರಕಗಳು ತಾಯಿಕೋಶದಲ್ಲಿ ಕ್ರೈ1ಎಸಿ ಮೊದಲಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತವೆ. ಹೀಗೆ ತಯಾರಾದ ಪ್ರೋಟೀನು ಸ್ಫಟಿಕವಾಗಿ ಗಟ್ಟಿಗೊಂಡು ಕೋಶದ ಒಣತೂಕದ ಶೇಕಡ 20ರಿಂದ 30ರಷ್ಟಾಗುತ್ತದೆ. ಉಪವಾಸದ ಹೊತ್ತಿನಲ್ಲಿ ಇಷ್ಟೊಂದು ದುಂದು! ಆದರೆ ಈ ಸ್ಫಟಿಕವನ್ನು ಹೊರಗೆ ಸಾಗಿಸುವ ದ್ವಾರ ಕೋಶದಲ್ಲಿಲ್ಲ. ಬೀಜಾಣು ಬಲಿತ ಬಳಿಕ ತಾಯಿಕೋಶವು ತನ್ನವೇ ಕಿಣ್ವಗಳಿಂದ ಭಿತ್ತಿಯನ್ನು ಕರಗಿಸಿಕೊಂಡು ಒಡೆಯುತ್ತದೆ. ಬೀಜಾಣು, ಸ್ಫಟಿಕ ಎರಡೂ ಆಗ ಹೊರಬೀಳುತ್ತವೆ. ಇದನ್ನು ಸ್ರವಿಸುವಿಕೆಯೆಂದು ಕರೆಯುವುದು ಸಲ್ಲದು.

1981ರಲ್ಲಿ ಅಮೆರಿಕದ ಶ್ನೆಫ್ ಮತ್ತು ವೈಟ್ಲಿ ಅವರು ಇಂಥ ವಂಶವಾಹಿಯೊಂದನ್ನು ಇ. ಕೊಲೈ ಬ್ಯಾಕ್ಟೀರಿಯಕ್ಕೆ ಸೇರಿಸಿದರು. ಈ ಹೊಸ ಆತಿಥೇಯ ಜೀವಿ ಬೀಜಾಣು ಕಟ್ಟುವುದಿಲ್ಲವಾದ್ದರಿಂದ ತಾಯಿಕೋಶದಂತೆ ತಾನಾಗಿ ಒಡೆಯುವ ಘಟ್ಟವೂ ಅದಕ್ಕಿಲ್ಲ. ಪುನಸ್ಸಂಯೋಜಿತ ಪ್ರೋಟೀನು ಅತಿಯಾದಾಗ ಅದು ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೇ ಗಂಟುಗಟ್ಟುವುದುಂಟು. ಅದನ್ನು ಪಡೆಯಲು ಕೋಶವನ್ನು ಹೊರಗಿನಿಂದ ಒಡೆಯಬೇಕು. ಆದರೆ ಇ. ಕೊಲೈಯ ಕೆಲವು ತಳಿಗಳಿಗೂ ಒತ್ತಡದಲ್ಲಿ ತೆರೆಯುವ ಒಂದು ಬಾಗಿಲಿದೆ. ಡಿಎನ್‌ಎಗೆ ಹಾನಿಯಾದಾಗ ಅವು ಕೊಲಿಸಿನ್ ಎಂಬ ವಿಷದೊಡನೆ ಒಂದು ಪುಟ್ಟ ಪ್ರೋಟೀನನ್ನೂ ತಯಾರಿಸುತ್ತವೆ. ಅದು ಹೊರಪೊರೆಯನ್ನು ಸಡಿಲಿಸಿ, ಒಳಗಿನದು ಸೋರುವಂತೆ ಮಾಡುತ್ತದೆ. ಬಯಸಿದ ಪ್ರೋಟೀನನ್ನು ಹೊರತರಲು ಸಂಶೋಧಕರು ಇದೇ ಬಾಗಿಲನ್ನು ಬಳಸಿಕೊಂಡಿದ್ದಾರೆ.

2002ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಬ್ಯಾಕ್ಟೀರಿಯದಲ್ಲಿ ಹಸಿವಿನ ಆಣತಿಗೆ ಒಳಪಟ್ಟಿದ್ದ ವಂಶವಾಹಿ ಹತ್ತಿಯ ಗಿಡದಲ್ಲಿ ಆ ಕಟ್ಟಿನಿಂದ ಬಿಡುಗಡೆ ಪಡೆಯಿತು. ಬೆಳೆಯ ಅವಧಿಯುದ್ದಕ್ಕೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಸಿಂಪಡಿಸಿದ ಸ್ಫಟಿಕ ಬಿಸಿಲಿಗೆ ಕೆಲವೇ ದಿನಗಳಲ್ಲಿ ಸತ್ವಗುಂದುತ್ತದೆ. ಗಿಡದೊಳಗಿನ ಪ್ರೋಟೀನಾದರೋ ಹುಳುವಿಗೆ ತಿಂಗಳುಗಟ್ಟಲೆ ಎದುರಾಗುತ್ತಿರುತ್ತದೆ, ಮಿಗಿಲಾಗಿ ಗಿಡ ಬಲಿತಂತೆ ಅದರ ಪ್ರಮಾಣ ಇಳಿಯುತ್ತದೆ. ಎಳೆಯ ಎಲೆಗಿಂತ ಕಾಯಿಯ ಭಾಗಗಳಲ್ಲಿ ಅದು ಕಡಿಮೆ. ಗುಲಾಬಿ ಕಾಯಿಕೊರಕ ಮೇಯುವುದು ಅಲ್ಲಿಯೇ. ಸಾಯದೆ ಉಳಿದ ಹುಳುಗಳ ಸಂತತಿಯಲ್ಲಿ ನಿರೋಧಶಕ್ತಿ ಬಲಿಯಲು ಇಷ್ಟು ಸಾಕು. ಕ್ರೈ1ಎಸಿಗೆ ಈ ಕೀಟ ತೋರಿದ ನಿರೋಧ 2009ರ ಹಂಗಾಮಿನಲ್ಲಿ ಗುಜರಾತಿನ ಹೊಲಗಳಲ್ಲಿ ಪತ್ತೆಯಾಯಿತು.