ಮುಡಿಯ ಕಪ್ಪು ಹೋದ ದಾರಿ

ದಸರೆ ಬಂತೆಂದರೆ ವಿಜಯವಾಡದ ಇಂದ್ರಕೀಲಾದ್ರಿಯ ಬುಡದ ಕೇಶಖಂಡನ ಶಾಲೆಯಲ್ಲಿ ಕತ್ತಿಗೆ ಬಿಡುವಿಲ್ಲ. ಕನಕದುರ್ಗೆಗೆ ಮುಡಿ ಕೊಡುವ ಹರಕೆ ಹೊತ್ತವರು ಕೃಷ್ಣೆಯಲ್ಲಿ ಮಿಂದು ಬೋಳುತಲೆಯಲ್ಲಿ ಬೆಟ್ಟ ಹತ್ತುತ್ತಾರೆ. ವಿಶಾಖಪಟ್ಟಣದ ಸಿಂಹಾಚಲದಲ್ಲೂ ಇದೇ ಹರಕೆ ನಡೆಯುತ್ತದೆ. ನಮ್ಮ ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯ ನಡುವೆ 1516ರಲ್ಲಿ ಬಂದು ಶಾಸನ ಹಾಕಿಸಿದ ಕ್ಷೇತ್ರ ಅದು. ತೆಲುಗರು ತಲನೀಲಾಲು ಎನ್ನುವ ಈ ಕೂದಲನ್ನು ದೇವಸ್ಥಾನಗಳು ಹರಾಜು ಹಾಕುತ್ತವೆ. ತಿರುಮಲೆಯಲ್ಲಂತೂ ಉದ್ದ ನೋಡಿ ದರ್ಜೆ ಕಟ್ಟಿ ಇ-ಹರಾಜಿನಲ್ಲಿ ಮಾರುತ್ತಾರೆ. ಎಲ್ಲಕ್ಕಿಂತ ಉದ್ದದ್ದು ಮೊದಲ ದರ್ಜೆ.

ಇವತ್ತು ವಿಜಯವಾಡ, ವಿಶಾಖಪಟ್ಟಣಗಳ ಕಾಲೇಜು ಹುಡುಗ ಹುಡುಗಿಯರು ಬ್ಲೀಚ್ ಪೌಡರ್, ಅದಕ್ಕೆ ಬೆರೆಸುವ ಡೆವಲಪರ್ ಕೊಂಡು ತಂದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬ್ಲಾಂಡ್ ಆಗಿ ಹೊರಬರಲು ನೋಡುತ್ತಾರೆ. ಕೊರಿಯಾದ ಪಾಪ್ ತಂಡ ಬಿಟಿಎಸ್‌ನ ಹುಡುಗರ ತಲೆ ನೋಡಿ ಹುಟ್ಟಿದ ಆಸೆ ಎಂದು ಹಿರಿಯರು ಗೊಣಗುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಆಂಧ್ರದ ಕಪ್ಪು ಕೂದಲು ತಿಳಿಹಳದಿಯಾಗತೊಡಗಿ ದಶಕಗಳೇ ಕಳೆದಿವೆ. ತಲೆಯ ಮೇಲಿದ್ದಾಗಲ್ಲ, ತಲೆ ಬಿಟ್ಟ ಮೇಲೆ.

ಹಳದಿ ಕೂದಲಿನ ಹುಚ್ಚು ಹುಟ್ಟಿದ್ದು ನಮ್ಮಲ್ಲಲ್ಲ. ಪ್ರಾಚೀನ ರೋಮಿನ ಸಿರಿವಂತ ಹೆಂಗಸರು ಸೆರೆಸಿಕ್ಕ ಜರ್ಮನ್ನರ ಹೊಂಗೂದಲಿನ ಟೋಪನ್ ತೊಡುತ್ತಿದ್ದರು. ಹದಿನಾರನೆಯ ಶತಮಾನದ ವೆನಿಸ್‌ನಲ್ಲಿ ಹೆಂಗಸರು ನೆತ್ತಿಯಿಲ್ಲದ, ಬರೀ ಅಂಚಿನ ಟೋಪಿ ಹಾಕಿ, ಕೂದಲನ್ನು ಅದರ ಮೇಲೆ ಹರಡಿ, ಔಷಧಿ ಸವರಿಕೊಂಡು ಮಾಳಿಗೆಯ ಬಿಸಿಲಲ್ಲಿ ಕೂರುತ್ತಿದ್ದರು. ಚೆಸಾರೆ ವೆಚೆಲ್ಲಿಯೊ 1590ರ ತನ್ನ ಉಡುಪಿನ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಬಿಸಿಲಿನ ಈ ಕೆಲಸ ಬಾಟಲಿಗೆ ಇಳಿದದ್ದು ರಸಾಯನಶಾಸ್ತ್ರದಿಂದ. 1818ರಲ್ಲಿ ಫ್ರಾನ್ಸಿನ ಲೂಯಿ ಜಾಕ್ ಥೆನಾರ್ ಹೈಡ್ರೋಜನ್ ಪೆರಾಕ್ಸೈಡನ್ನು ಕಂಡುಹಿಡಿದ. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಲಂಡನ್ನಿನ ಔಷಧಿ ವ್ಯಾಪಾರಿ ಥಿಲೇ ಮತ್ತು ಪ್ಯಾರಿಸ್ಸಿನ ಕೇಶವಿನ್ಯಾಸಕ ಯೂಗೋ ಅದರಿಂದ ಕೂದಲಿನ ಬಣ್ಣ ತೆಗೆದು ತೋರಿಸಿದರು. 1931ರಲ್ಲಿ ಜೀನ್ ಹಾರ್ಲೋ ನಟಿಸಿದ ‘ಪ್ಲಾಟಿನಮ್ ಬ್ಲಾಂಡ್’ ಬಂದ ಮೇಲಂತೂ ಬೆಳ್ಳಿಹಳದಿ ತಲೆ ಜಗತ್ತಿನ ಹಂಬಲವಾಯಿತು. ಆಮೇಲೆ ಪರ್‌ಸಲ್ಫೇಟ್ ಬೆರೆತ ಪುಡಿ ಬಂತು. ಬರೀ ಪೆರಾಕ್ಸೈಡಿಗೆ ಜಗ್ಗದ ಕಡುಗಪ್ಪು ಕೂದಲು ಈ ಪುಡಿಗೆ ಸೋತಿತು.

ಬ್ಲಾಂಡ್ ಎಂಬುದು ಹಚ್ಚುವ ಬಣ್ಣ ಎಂದುಕೊಂಡವರೇ ಬಹಳ. ವಾಸ್ತವದಲ್ಲಿ ಅದು ಕಳೆದು ಉಳಿಸಿಕೊಂಡ ಬಣ್ಣ. ಕೂದಲಿನ ಒಳಗೆ ಎರಡು ಬಗೆಯ ಮೆಲನಿನ್ ಇದೆ. ಕಪ್ಪು ಕೊಡುವ ಯೂಮೆಲನಿನ್ ಬೇಗ ಒಡೆಯುತ್ತದೆ. ಕೆಂಪು-ಹಳದಿ ಕೊಡುವ ಫಿಯೋಮೆಲನಿನ್ ಹಟಮಾರಿ. ಹಾಗಾಗಿ ನಮ್ಮ ಕೂದಲು ಕಪ್ಪಿನಿಂದ ನೇರವಾಗಿ ಹಳದಿಗೆ ಹಾರುವುದಿಲ್ಲ. ಕೆಂಪು, ಕಿತ್ತಳೆ, ಹಳದಿ, ಆಮೇಲೆ ತಿಳಿಹಳದಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಕ್ಷಾರದ ಪುಡಿ ಕೂದಲಿನ ಹುರುಪೆಗಳನ್ನು ಎಬ್ಬಿಸಿ ಪೆರಾಕ್ಸೈಡನ್ನು ಒಳಗೆ ಬಿಡುತ್ತದೆ. ಅದು ಬಣ್ಣವನ್ನಷ್ಟೇ ಒಡೆದು ಸುಮ್ಮನಾದರೆ ಸರಿಯಿತ್ತು. ಕೆರಾಟಿನ್ನಿಗೆ ಬಲ ಕೊಡುವ ಗಂಧಕದ ಬಂಧಗಳನ್ನೂ ಮುರಿಯುತ್ತದೆ. ಮೆಟ್ಟಿಲು ಹೆಚ್ಚಾದಷ್ಟೂ ಮುರಿತ ಹೆಚ್ಚು. ಈ ಬಂಧಗಳನ್ನು ಮತ್ತೆ ಹೆಣೆಯಲೆಂದೇ ಕ್ಯಾಲಿಫೋರ್ನಿಯಾದ ರಸಾಯನಶಾಸ್ತ್ರಜ್ಞರಾದ ಕ್ರೇಗ್ ಹಾಕರ್ ಮತ್ತು ಎರಿಕ್ ಪ್ರೆಸ್ಲಿ ರೂಪಿಸಿದ ಓಲಾಪ್ಲೆಕ್ಸ್ 2014ರಲ್ಲಿ ಮಾರುಕಟ್ಟೆಗೆ ಬಂತು. ಉಪಯೋಗ ಇದೆ, ಪವಾಡ ಇಲ್ಲ.

ಈಗ ಮತ್ತೆ ಮುಡಿಯ ಕಡೆಗೆ. 1960ರ ದಶಕದ ನಡುವಿನಲ್ಲಿ ಅಮೆರಿಕ ಕಮ್ಯುನಿಸ್ಟ್ ಚೀನಾದ ಕೂದಲಿಗೆ ನಿರ್ಬಂಧ ಹಾಕಿತು. ವಿಗ್ ಹುಚ್ಚು ಏರಿದ್ದ ಕಾಲ. ವ್ಯಾಪಾರಿಗಳ ಕಣ್ಣು ಭಾರತದ ಮೇಲೆ ಬಿತ್ತು. ನಮ್ಮ ದೇವಸ್ಥಾನದ ಕೂದಲಿಗೆ ಬೇರೆಲ್ಲೂ ಸಿಗದ ಗುಣವಿತ್ತು. ಒಂದೇ ತಲೆಯಿಂದ ಒಟ್ಟಿಗೆ ಬಂದದ್ದರಿಂದ ಬುಡ-ತುದಿ ಒಂದೇ ದಿಕ್ಕಿಗಿರುತ್ತವೆ, ಹುರುಪೆಗಳು ಒಂದೇ ಕಡೆ ಮಲಗಿರುತ್ತವೆ, ಸಿಕ್ಕಾಗುವುದಿಲ್ಲ. ವ್ಯಾಪಾರದಲ್ಲಿ ಇದೇ ರೆಮಿ. ಮೇಲಾಗಿ ಅದು ಹರಳೆಣ್ಣೆ, ಕೊಬ್ಬರಿ ಎಣ್ಣೆ, ಸೀಗೆಕಾಯಿ ಕಂಡ ಕೂದಲು. ರಸಾಯನ ತಾಕಿದ್ದು ಕಡಿಮೆ. ಬಣ್ಣ ತೆಗೆಯುವವನಿಗೆ ಇದಕ್ಕಿಂತ ಏನು ಬೇಕು?

ರೋಮಿನ ಹತ್ತಿರದ ನೆಪಿ ಎಂಬ ಊರಲ್ಲಿ ಗ್ರೇಟ್ ಲೆಂತ್ಸ್ ಕಂಪನಿಯ ಕಾರ್ಖಾನೆಯಿದೆ. ಭಾರತದ ದೇವಸ್ಥಾನಗಳ ಕೂದಲೇ ತನ್ನ ಸರಕೆಂದು ಅದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದೆ. ಅಲ್ಲಿ ಬ್ಲೀಚ್ ಪುಡಿಯ ಅವಸರವಿಲ್ಲ. ಕೂದಲನ್ನು ತೊಟ್ಟಿಗಳಲ್ಲಿ ಮುಳುಗಿಸಿಟ್ಟು ದಿನಗಟ್ಟಲೆ, ವಾರಗಟ್ಟಲೆ ನಿಧಾನವಾಗಿ ಕಪ್ಪು ಕಳೆಯುತ್ತಾರೆ. ಬಳಿಕ ಬಟ್ಟೆಗೆ ಹಾಕುವಂಥ ಬಣ್ಣ ಕೊಟ್ಟು ಬೇಕಾದ ಛಾಯೆಯ ಬ್ಲಾಂಡ್ ಮಾಡುತ್ತಾರೆ. ಒಂದು ಕಾಲಕ್ಕೆ ಹೊಂಗೂದಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ನಾಡು ಈಗ ನಮ್ಮ ಕಪ್ಪನ್ನು ಹೊನ್ನು ಮಾಡಿ ಹೊರಗೆ ಮಾರುತ್ತಿದೆ. ಬಾಚಣಿಗೆಯಲ್ಲಿ ಉದುರಿದ, ದಿಕ್ಕುಗೆಟ್ಟ ಕೂದಲಿನ ಕಥೆ ಬೇರೆ. ಬೀದಿಯಲ್ಲಿ ಪಾತ್ರೆ ಕೊಟ್ಟು ಕೊಂಡ ಇಂಥ ಕೂದಲಿನ ಉಂಡೆಗಳನ್ನು ಬಿಡಿಸಿ ಹಸನು ಮಾಡುವ ಕೆಲಸ ನಮ್ಮ ಕೊಪ್ಪಳದ ಭಾಗ್ಯನಗರದ ಎಷ್ಟೋ ಹೆಣ್ಣುಮಕ್ಕಳ ಕೂಲಿ. ಈ ಬಗೆಯ ಸರಕಿನ ದೊಡ್ಡ ಪಾಲು ಚೀನಾದ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲದಲ್ಲಿ ಹುರುಪೆ ತೆಗೆದು, ಸಿಲಿಕೋನ್ ಲೇಪಿಸಿ ಹೊಳಪು ಕೊಡುತ್ತಾರೆ.

2004ರಲ್ಲಿ ಈ ವ್ಯಾಪಾರಕ್ಕೆ ಅನಿರೀಕ್ಷಿತ ಪೆಟ್ಟು ಬಿತ್ತು. ದೇವರಿಗೆ ಕೊಟ್ಟ ಕೂದಲಿನ ವಿಗ್ ನಿಷಿದ್ಧ ಎಂದು ಜೆರುಸಲೇಮಿನ ಯೆಹೂದಿ ಧರ್ಮಗುರು ಯೋಸೆಫ್ ಶಾಲೋಮ್ ಎಲ್ಯಾಶಿವ್ ತೀರ್ಪಿತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಗಳಲ್ಲಿ ಸಂಪ್ರದಾಯಸ್ಥ ಯೆಹೂದಿ ಹೆಂಗಸರ ದುಬಾರಿ ವಿಗ್‌ಗಳು ಬೆಂಕಿಗೆ ಬಿದ್ದವು. ಮುಂದೆ ಕಳ್ಳಸಾಗಣೆಯ ದೂರುಗಳು ಹೆಚ್ಚಿ, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ಅಂಕುಶ ಹಾಕಿತು.

ಹೊನ್ನಾಗುವ ಕೂದಲನ್ನು ಹೊರದೇಶಕ್ಕೆ ಕಳಿಸುತ್ತಿದ್ದ ನಾಡಿನಲ್ಲಿ ಮನೆಮಕ್ಕಳ ಕೂದಲು ಕೆಂಚಾದರೆ ಮಾತ್ರ ಬೈಗುಳ ತಪ್ಪಿದ್ದಲ್ಲ. ಎಣ್ಣೆ ಕಾಣದ ತಲೆ ಎನ್ನುತ್ತಿದ್ದರು. ಹಾಗೆ ಅನ್ನಲು ಕಾರಣವೂ ಇತ್ತು: ಪ್ರೋಟೀನ್ ಕೊರತೆಯ ಕ್ವಾಶಿಯೋರ್ಕರ್ ಬಂದ ಮಕ್ಕಳ ಕೂದಲು ಕೆಂಚಾಗುತ್ತದೆ. ಬ್ಲೀಚ್ ನಮ್ಮ ಮನೆಗಳಿಗೆ ಮೊದಲು ಬಂದದ್ದು ತಲೆಗಾಗಿ ಅಲ್ಲವೇ ಅಲ್ಲ, ಮೇಲ್ದುಟಿಗಾಗಿ. ಫೆಮ್, ಜೋಲೆನ್ ಡಬ್ಬಿಯ ಕ್ರೀಮಿಗೆ ಚಿಟಿಕೆ ಪುಡಿ ಬೆರೆಸಿ ಮುಖದ ರೋಮವನ್ನು ಹೊಂಬಣ್ಣ ಮಾಡಿ ಮರೆಸುತ್ತಿದ್ದರು. ಕಾಣಬಾರದೆಂದು ಮಾಡುತ್ತಿದ್ದ ಕೆಲಸವನ್ನು ಈಗಿನವರು ಎಲ್ಲರಿಗೂ ಕಾಣಲೆಂದು ನೆತ್ತಿಯ ಮೇಲೆ ಮಾಡುತ್ತಿದ್ದಾರೆ. ನನಗೆ ಇದರಲ್ಲಿ ಸಿಟ್ಟಾಗುವಂಥದ್ದೇನೂ ಕಾಣುವುದಿಲ್ಲ. ಚಿಂತೆ ಇರುವುದು ಸಮಯದ ಬಗ್ಗೆ. ನೆಪಿಯ ತೊಟ್ಟಿ ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು, ಕೆಳಗೆ ಜೀವಂತ ಚರ್ಮವಿರುವ ತಲೆಯ ಮೇಲೆ ಒಂದು ಸಂಜೆಯಲ್ಲಿ ಮುಗಿಸಲು ಹೊರಡುತ್ತಾರಲ್ಲ!

ಆದರೂ ಮನೆಯಲ್ಲೇ ಮಾಡಿಕೊಳ್ಳುವವರು ಕೆಲವು ಮಾತು ತಿಳಿದಿರಲಿ. ಡೆವಲಪರ್ ಬಾಟಲಿಯ 20 ವಾಲ್ಯೂಮ್ ಎಂದರೆ ಶೇ 6ರ ಪೆರಾಕ್ಸೈಡ್, 40 ಎಂದರೆ ಶೇ 12. ಬೇಗ ಆಗಲೆಂದು 40 ತಂದವರ ನೆತ್ತಿ ಸುಡುತ್ತದೆ. 20ರಲ್ಲೇ, ವಾರಗಳ ಬಿಡುವು ಕೊಟ್ಟು ಎರಡು ಮೂರು ಸಲ ಮಾಡುವುದು ಲೇಸು. ನೆತ್ತಿಯ ಬಿಸಿಗೆ ಬುಡ ಬೇಗ ಬಿಳಿಚುವುದರಿಂದ ಮೊದಲು ನಡುಭಾಗ ಮತ್ತು ತುದಿ, ಕೊನೆಗೆ ಬುಡ. ಮೇ ತಿಂಗಳ ವಿಜಯವಾಡದ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತರೆ ಹಚ್ಚಿದ್ದು ಒಣಗುತ್ತದೆ. ಒಣಗಿದ ಬ್ಲೀಚ್ ಕೆಲಸ ಮಾಡುವುದಿಲ್ಲ, ಪ್ಲಾಸ್ಟಿಕ್ ಟೋಪಿ ಬೇಕೇ ಬೇಕು. ಕಿಟಕಿ ಮಾತ್ರ ತೆರೆದಿರಲಿ. ಪರ್‌ಸಲ್ಫೇಟಿನ ಧೂಳು ಎಷ್ಟೋ ಪಾರ್ಲರ್ ಕೆಲಸಗಾರರಿಗೆ ಆಸ್ತಮಾ ತಂದಿದೆ.

ಸೋಲು ಹೆಚ್ಚಾಗಿ ಆಗುವುದು ಬ್ಲೀಚಿನ ಬಳಿಕ ಉಳಿದ ಛಾಯೆಯನ್ನು ಅಡಗಿಸಲು ಹಚ್ಚುವ ಟೋನರಿನಲ್ಲಿ. ನೇರಳೆ ಹಳದಿಯನ್ನು ಅಡಗಿಸುತ್ತದೆ, ಕಿತ್ತಳೆಯನ್ನಲ್ಲ. ಕಿತ್ತಳೆಗೆ ನೀಲಿ ಬೇಕು; ಆಗ ಸಿಗುವುದು ಬ್ಲಾಂಡ್ ಅಲ್ಲ, ಕಂದು. ಕೂದಲು ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣಕ್ಕೆ ಬರುವ ತನಕ ಪರ್ಪಲ್ ಶಾಂಪೂ ತಿಕ್ಕಿ ಪ್ರಯೋಜನವಿಲ್ಲ.

ಇನ್ನು, ಕಾಲಿ ಮೆಹಂದಿ ಹಚ್ಚಿಕೊಂಡ ತಲೆಗೆ ಬ್ಲೀಚ್ ಮುಟ್ಟಿಸಬೇಡಿ. ಕೆಲವು ಮೆಹಂದಿ ಪುಡಿಗಳಲ್ಲಿರುವ ಲೋಹದ ಲವಣಗಳು ಪೆರಾಕ್ಸೈಡ್ ಜೊತೆ ಸೇರಿ ಕಾಯುತ್ತವೆ, ಕೂದಲು ಬೆಂದುಹೋಗುತ್ತದೆ. ಹಿಂದಲೆಯ ಒಂದು ಎಳೆ ಕತ್ತರಿಸಿ ಬಟ್ಟಲಲ್ಲಿ ಪರೀಕ್ಷಿಸಿ ನೋಡಿ. ಅದು ಬಿಸಿಯಾದರೆ ಅಥವಾ ರಬ್ಬರಿನ ಹಾಗೆ ಎಳೆದುಕೊಂಡರೆ ಅಲ್ಲಿಗೇ ನಿಲ್ಲಿಸಿ. ಎಲ್ಲ ಸರಿಹೋಯಿತು ಎಂದೇ ಇಟ್ಟುಕೊಳ್ಳಿ, ಆಗಲೂ ಟೋನರ್ ಕೆಲವೇ ವಾರಗಳಲ್ಲಿ ತೊಳೆದುಹೋಗುತ್ತದೆ, ಬುಡದಲ್ಲಿ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಕಪ್ಪು ಇಣುಕುತ್ತದೆ. ಅಷ್ಟು ದುಡ್ಡು, ಅಷ್ಟು ತಾಳ್ಮೆ ಇದ್ದವರು ಕೈಹಾಕಿ. ಇಲ್ಲದವರು ಕ್ಲಿಪ್ ಹಾಕುವ ಹೊಂಬಣ್ಣದ ಎಳೆ ಕೊಂಡುಕೊಳ್ಳುವುದೇ ಸರಿ.